ಬಲಗಡೆಯ ಪುಸ್ತಕ

ಪುಸ್ತಕವನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ ಅಂಬ್ರಪ್ಪನಿಗೆ, ಬಸ್ಸು ಹತ್ತಿಗೂಡೂರು ದಾಟುವ ಹೊತ್ತಿಗೆ, ತಾನು ಅದನ್ನು ಹಿಡಿದುಕೊಂಡ ರೀತಿ ಎಲ್ಲರ ಕಣ್ಣಿಗೂ ಬೀಳುತ್ತಿದೆ ಅನ್ನಿಸತೊಡಗಿತು. ಎರಡೂ ಕೈ ಮೇಲಿಟ್ಟು, ಕೂಸಿಗೆ ಗಾಳಿ ತಾಕದಂತೆ ಮುಚ್ಚಿಕೊಂಡ ಹಾಗೆ. ಒಂದು ಕೈ ತೆಗೆದು ಮುಂದಿನ ಸೀಟಿನ ಸರಳಿನ ಮೇಲಿಟ್ಟ. ಅಲ್ಲಿ ಆ ಕೈ ಬಹಳ ದೊಡ್ಡದಾಗಿ ಕಂಡಿತು. ಅರವತ್ತೊಂದು ವರ್ಷದ ಕೈ. ಬೆರಳಿನ ಗೆಣ್ಣುಗಳೆಲ್ಲ ಒಂದೊಂದು ಸಲ ಮುರಿದು ಹೆಂಗೋ ಕೂಡಿಕೊಂಡಂಥವು. ಪಕ್ಕದಲ್ಲಿ ಕೂತಿದ್ದವನು ಆ ಕೈಯನ್ನೇ ನೋಡಿ ಗುರುತು ಹಿಡಿದನೋ ಏನೋ, ಸುರಪುರದ ಉಸ್ತಾದರಲ್ಲೇನ್ರಿ ನೀವು, ಅಂದ. ಹೌದು ಅಂದ. ತಾಲೀಮು ಬಂದ್ ಮಾಡೀರಂತಲ್ಲರಿ. ಹೂಂ, ಚಾವಣಿ ಸೋರ್ತದ, ರಿಪೇರಿ ಅದ. ಎರಡು ವರ್ಷದಿಂದ ಇದೇ ಉತ್ತರ. ಎರಡು ಮಳೆಗಾಲ ಕಳೆದರೂ ಯಾರೂ ಚಾವಣಿ ಹತ್ತಿಲ್ಲ, ಆ ಗರಡಿಮನೆಯ ಬೀಗದ ಕೈ ಅಂಬ್ರಪ್ಪನ ಉಡದಾರದಲ್ಲೇ ಇದೆ. ಇನ್ನೇನು ಕೇಳುತ್ತಾನೆ ಎಂಬುದು ಗೊತ್ತಿತ್ತು. ಕಿಟಕಿಯ ಕಡೆ ತಿರುಗಿದ. ಕಾಲುವೆ, ಭತ್ತದ ಗದ್ದೆ, ಆಮೇಲೆ ಹತ್ತಿ ಹೊಲ. "ಮತ್ತ ಆ ಹುಡುಗ ಹೆಂಗದಾನ್ರಿ? ಗುರುಮಠಕಲ್ ಕಡಿ ಕುಸ್ತ್ಯಾಗ ಕುತ್ತಿಗಿ ಮುರಕೊಂಡನಲ್ಲ?"

"ಆರಾಮ ಅದಾನ" ಅಂದ ಅಂಬ್ರಪ್ಪ.

ಆ ಮಾತು ಬಾಯಿಂದ ಬಿದ್ದ ಮೇಲೆ ಅದು ಸುಳ್ಳಲ್ಲ ಎಂದು ತನಗೇ ತೋರಿಸಿಕೊಳ್ಳಲು ಪುಸ್ತಕವನ್ನು ನೆನೆದ. ಪುಸ್ತಕದಲ್ಲಿ ಕಥೆಯ ನಾಯಕ ಆರಾಮಾಗುತ್ತಾನೆ. ಪೈಲ್ವಾನ. ಹೆಸರು ಬೇರೆ ಏನೋ ಇತ್ತು. ಕುತ್ತಿಗೆ ಮುರಿದುಕೊಂಡ ಹುಡುಗ, ಹಣಮೇಶ, ಮೊದಲ ದಿನವೇ ಹೇಳಿದ್ದ, ಆದರೆ ಜಪಾನಿನ ಹೆಸರು ಅಂಬ್ರಪ್ಪನ ನಾಲಗೆಗೆ ಹತ್ತಲಿಲ್ಲ, ಹಾಗಾಗಿ ಇಬ್ಬರೂ ಅವನನ್ನು ಪೈಲ್ವಾನ ಎಂದೇ ಕರೆಯುತ್ತಿದ್ದರು. ಚಿತ್ರದ ಕಥೆ. ಮಾಂಗಾ ಅನ್ನುತ್ತಾರಂತೆ. ತಾಲೀಮು ನಡೆಯುತ್ತಿದ್ದ ಕಾಲದಲ್ಲಿ ಸಾಮು ಮುಗಿಸಿ, ಮೈಯ ಕೆಂಪು ಮಣ್ಣು ಒಣಗಿ ಉದುರುವ ತನಕ ಹಣಮೇಶ ಕಟ್ಟೆಯ ಮೇಲೆ ಕೂತು ಫೋನಿನಲ್ಲಿ ಇದನ್ನೇ ನೋಡುತ್ತಿದ್ದ. ಇದ್ಯಾವ ಗೊಂಬಿ ಆಟಲೇ, ಹಾಲ ಕುಡಿ ಹೋಗು, ಎಂದು ಎಷ್ಟು ಸಲ ಬೈದಿದ್ದನೋ. ಅವನು ನಕ್ಕು ಎದ್ದು ಹೋಗುತ್ತಿದ್ದ. ಎದುರುತ್ತರ ಇಲ್ಲ. ಇಪ್ಪತ್ತೆರಡು ವರ್ಷದ ಗಂಡಸು, ಎರಡು ಮೂಟೆ ಜೋಳ ಹೆಗಲಿಗೆ ಒಂದೊಂದರಂತೆ ಹೊತ್ತು ಗುಡ್ಡ ಹತ್ತುವವನು, ಉಸ್ತಾದ ಕೆಮ್ಮಿದರೆ ಫೋನು ಕೆಳಗಿಡುತ್ತಿದ್ದ. ತಾಲೀಮಿನಲ್ಲಿ ನಿಯಮ ಅಂತ ಬರೆದು ಹಾಕಿದ್ದೇನೂ ಇರಲಿಲ್ಲ, ಆದರೆ ಒಂದಂತೂ ಎಲ್ಲರಿಗೂ ಗೊತ್ತಿತ್ತು: ಉಸ್ತಾದನ ಪಟ್ಟು ತಪ್ಪಿದರೂ ಶಿಷ್ಯ ಬಾಯಿ ತೆರೆಯುವುದಿಲ್ಲ. ಅಂಬ್ರಪ್ಪ ಸ್ವತಃ ತನ್ನ ಉಸ್ತಾದನ ಮುಂದೆ ಹಾಗೇ ಇದ್ದ. ಬೆರಳು ಮುರಿದ ದಿನ ಉಸ್ತಾದ, ಏನಾತು, ಅಂದಾಗ ಏನಿಲ್ಲರಿ ಅಂದಿದ್ದ. ಅದನ್ನು ಮುಂದೆ ಎಷ್ಟು ಹುಡುಗರಿಗೆ ಹೆಮ್ಮೆಯಿಂದ ಹೇಳಿದ್ದ!

ಈ ಪುಸ್ತಕ ಮಾಡಿಸಿಕೊಟ್ಟವಳು ಹಣಮೇಶನ ಅಕ್ಕ ಸಪ್ನಾ. ಕಡೇಚೂರಿನ ಫ್ಯಾಕ್ಟರಿಯಲ್ಲಿ ಅವಳ ಕೆಲಸ, ತಿಂಗಳಿಗೊಮ್ಮೆ ಬರುತ್ತಾಳೆ. ಕೈಕಾಲು ಅಲುಗದೆ ಮಲಗಿದ ತಮ್ಮನಿಗೆ ಫೋನು ಹಿಡಿದು ತೋರಿಸುವವರು ಯಾರು ಎಂದು, ಆ ದೊಡ್ಡ ಕಥೆಯೊಳಗಿಂದ ಪೈಲ್ವಾನ ಬರುವ ಭಾಗಗಳಷ್ಟನ್ನೇ ಆರಿಸಿ, ಯಾದಗಿರಿಯ ಅಂಗಡಿಯಲ್ಲಿ ಹಾಳೆಯ ಎರಡೂ ಮಗ್ಗುಲಿಗೆ ಛಾಪಿಸಿ, ಪ್ಲಾಸ್ಟಿಕ್ ಸುರುಳಿ ಹಾಕಿಸಿ ತಂದಿದ್ದಳು. ಮೇಲೂ ಕೆಳಗೂ ಒಂದೇ ನಮೂನೆಯ ನೀಲಿ ಹೊದಿಕೆ. ತಲೆದಿಂಬಿನ ಪಕ್ಕ ಅದು ಮುಟ್ಟದೆ ಬಿದ್ದಿರುವುದನ್ನು ಅಂಬ್ರಪ್ಪ ದೀಪಾವಳಿಯಾದ ಮೇಲೆ ಒಂದು ಸೋಮವಾರ ನೋಡಿದ. ಅಲ್ಲಿಯ ತನಕ ಪ್ರತಿ ಸೋಮವಾರ ಹೋಗಿ ಅವನು ಮಾಡುತ್ತಿದ್ದುದೆಂದರೆ ಹಣಮೇಶನ ತಾಯಿ ಮೋನಮ್ಮ ಸೆರಗಿನಿಂದ ಒರೆಸಿ ಕೊಟ್ಟ ಖುರ್ಚಿಯಲ್ಲಿ ಕೂತು, ಚಹಾ ಕುಡಿದು, ಬಿಸಿಲು ಭಾಳ ಅದ ಅಥವಾ ಥಂಡಿ ಭಾಳ ಅದ ಎಂದು ಹೇಳಿ ಏಳುವುದು. ಆವತ್ತು ಕೈಗೆ ಏನಾದರೂ ಬೇಕಿತ್ತು. ಪುಸ್ತಕ ಎತ್ತಿದ, ತೆರೆದ. ಮಲಗಿದವನಿಗೆ ಕಾಣಬೇಕೆಂದರೆ ಹೊರಸಿನ ತಲೆಯ ಕಡೆ ನಿಂತು, ಬಾಗಿ, ಎರಡೂ ಕೈ ಮುಂದಕ್ಕೆ ಚಾಚಿ ಇಬ್ಬರ ಕಣ್ಣಿಗೂ ಸಿಗುವಂತೆ ಎತ್ತಿ ಹಿಡಿಯಬೇಕು. ಅರ್ಧ ತಾಸಿಗೆ ರಟ್ಟೆ ಉರಿಯುತ್ತದೆ. ಉರಿಯಲಿ ಎಂದೇ ಹಿಡಿದ. ಹಾಗೆ ನಿಂತರೆ ಹಣಮೇಶನ ನೆತ್ತಿ ಮಾತ್ರ ಕಾಣುತ್ತದೆ, ಮುಖ ಕಾಣುವುದಿಲ್ಲ. ಅದೂ ಒಂದು ಉಪಕಾರವೇ ಆಗಿತ್ತು.

ಮೊದಲ ಹಾಳೆಯಲ್ಲಿ ಏನೂ ಇರಲಿಲ್ಲ. ಹೊಳೆ, ದಂಡೆಯಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ. ರಕ್ಷಾಪುಟ ಇರಬೇಕೆಂದು ಅದನ್ನು ದಾಟಿಸುತ್ತಿದ್ದ. ಅಲ್ಲಿಂದ ಕಥೆ. ನಡುಹೊಳೆಯಲ್ಲಿ ಮೈತುಂಬ ಬಾಣ ನೆಟ್ಟುಕೊಂಡು ನಿಂತೇ ಸತ್ತ ಪೈಲ್ವಾನ. ಹಾಳೆ ತಿರುವಿದಂತೆ ಅವನ ಕಣ್ಣು ತೆರೆಯುತ್ತವೆ. ಬಾಣಗಳು ಒಂದೊಂದಾಗಿ ಕಡಿಮೆಯಾಗುತ್ತವೆ. ಅಂಬ್ರಪ್ಪನಿಗೆ ಇಂಗ್ಲಿಷು ಬಾರದು. ಇವ ಏನಂತಾನಲೇ ಎಂದು ಕೇಳಿದರೆ ಹಣಮೇಶ ಓದಿ ಹೇಳುತ್ತಿದ್ದ. "ಸತ್ತಿದ್ನಿರಿ. ದೇವರು ಎಬ್ಬಿಸ್ಯಾನ. ಬಾಣ ಕಿತ್ತಿ ಒಗ್ಯಾಕತ್ತಾನ ನೋಡ್ರಿ." ಮುಂದೆ ಪೈಲ್ವಾನ ಹೊಳೆಯಿಂದ ಮೇಲೆ ಬರುತ್ತಾನೆ, ಗಡ್ಡದ ಸರದಾರನ ಮುಂದೆ ಮಂಡಿಯೂರಿ ಬಲ ಹೆಗಲು ಹಿಡಿದುಕೊಂಡಿರುತ್ತಾನೆ, ಸರದಾರ ಕೈ ಎತ್ತಿ ದೂರ ತೋರಿಸುತ್ತಾನೆ. ಇಲ್ಲೇನಂತಾನ? ಹಣಮೇಶ, "ಸಾಕು, ಮನಿಗೆ ಹೋಗು ಅಂತಾನ್ರಿ ಸರದಾರ" ಅಂದಿದ್ದ. ಆಮೇಲೆ ಪೈಲ್ವಾನ ಹಳ್ಳಿಗೆ ಬರುತ್ತಾನೆ, ದಿನದಿಂದ ದಿನಕ್ಕೆ ಸಣ್ಣವನಾಗುತ್ತಾನೆ, ಗಾಯದ ಕಲೆಗಳೆಲ್ಲ ಅಳಿಸಿಹೋಗುತ್ತವೆ, ಕಟ್ಟಕಡೆಯ ಹಾಳೆಯಲ್ಲಿ ಹೊತ್ತ ಕಲ್ಲನ್ನು ಇಳಿಸಿ ಗೋಡೆಯ ನೆರಳಲ್ಲಿ ನಿದ್ದೆ ಹೋದ ಏಳೆಂಟು ವರ್ಷದ ಕೂಸು. ಇದೆಂಥ ಕಥಿಲೇ, ದೊಡ್ಡವ ಸಣ್ಣವ ಆಗ್ತಾನ? "ಜಪಾನ್ ಕಥಿ ಹಂಗ ಇರ್ತಾವ್ರಿ ಉಸ್ತಾದ್. ಕೊನಿಗೆ ಆರಾಮಾಗ್ತಾನ." ಆ ರಾತ್ರಿ ಅಂಬ್ರಪ್ಪ ಎರಡು ವರ್ಷದಲ್ಲಿ ಮೊದಲ ಸಲ ಬೆಳಗಿನ ತನಕ ಮಲಗಿದ್ದ. ಮುಂದಿನ ಸೋಮವಾರ ಅದೇ ಪುಸ್ತಕ. ಅದರ ಮುಂದಿನದೂ. ಬಗ್ಗಿಸಿ ಬಗ್ಗಿಸಿ ಹಿಡಿದು ಪ್ಲಾಸ್ಟಿಕ್ ಸುರುಳಿ ಮೊನ್ನೆ ಮುರಿದುಬಿತ್ತು. ಇವತ್ತು ಅದನ್ನು ಶಹಾಪುರದ ಸುಲ್ತಾನಸಾಬನ ಕೈಲಿ ಗಟ್ಟಿ ರಟ್ಟು ಹಾಕಿಸಿ, ಮಧ್ಯಾಹ್ನದೊಳಗೆ ಹಣಮೇಶನ ಮನೆಗೆ ಮುಟ್ಟಿಸಬೇಕು. ಇಷ್ಟೇ ಕೆಲಸ.

ಸುಲ್ತಾನಸಾಬ ಹಳೆಯ ಗೆಳೆಯ. ಮೊಹಲ್ಲಾದ ತಿರುವಿನಲ್ಲಿ ಮೂರು ಮೆಟ್ಟಿಲ ಅಂಗಡಿ. ಒಳಗೆ ಅಂಟಿನ ವಾಸನೆ, ಶಾಲೆಯ ಹಾಜರಿ ಪುಸ್ತಕಗಳ ಅಟ್ಟಿ, ಬೆನ್ನು ಬಿಚ್ಚಿದ ಉರ್ದು ಕಿತಾಬುಗಳು.

"ಬದುಕಿದ್ದೀಯೇನು ಅಂಬ್ರಣ್ಣ? ನಿನ್ನ ತಿಥಿ ಊಟಕ್ಕ ನನ್ನ ಕರೀಲಿಲ್ಲಂತ ಸಿಟ್ಟು ಮಾಡಕೊಂಡು ಕುಂತಿದ್ನೆಪಾ."

"ನಿನಗ ಹಾಕಿ ಹೋಗ್ತೀನಿ ಬಿಡು ಊಟ."

"ಇಲ್ಲೇ ಮುಟ್ಟಿ ನೋಡು" ಎಂದು ಸುಲ್ತಾನಸಾಬ ಅಂಗಿ ಸರಿಸಿ ಹೆಗಲಿನ ಎಲುಬಿನ ಗಂಟು ತೋರಿಸಿದ, ಬಂದವರಿಗೆಲ್ಲ ತೋರಿಸುವಂತೆ. "ನಲ್ವತ್ತು ವರ್ಷದ ಹಿಂದ ನೀ ಮುರದದ್ದು. ಇದು ಮುರೀದಿದ್ರ ನಾನೂ ನಿನ್ನಂಗ ಉಸ್ತಾದ ಆಗಿ, ಮಂದೀ ಮಕ್ಕಳ ಎಲುಬು ಮುರಕೋತ ಅಡ್ಡಾಡ್ತಿದ್ದೆ." ಅಂದವನು, ತಾನು ಏನು ಆಡಿದೆ ಎಂಬುದು ಹೊಳೆದು, ಸೂಜಿ ಹುಡುಕುವವನಂತೆ ತಲೆ ಕೆಳಗೆ ಹಾಕಿದ. ಚಹಾ ತಂದಿದ್ದ ಪಕ್ಕದ ಹೋಟೆಲಿನ ವಹಾಬ ಅಲ್ಲೇ ಗೋಡೆಗೆ ಒರಗಿ ನಿಂತಿದ್ದ. ಅಂಬ್ರಪ್ಪ ಟವೆಲ್ ಬಿಚ್ಚಿದ.

ಸುಲ್ತಾನಸಾಬ ಪುಸ್ತಕವನ್ನು ಆ ಕಡೆ ಈ ಕಡೆ ತಿರುಗಿಸಿದ. ಹೊದಿಕೆ ತೆಗೆದಿಟ್ಟ. ಬೆರಳಿಗೆ ಎಂಜಲು ಹಚ್ಚಿ ಹಾಳೆಗಳ ಕೆಳಮೂಲೆಯನ್ನಷ್ಟೇ ಸರಸರನೆ ನೋಡಿದ, ಚಿತ್ರ ನೋಡಲಿಲ್ಲ. "ಶುರು ಯಾವ ಕಡಿಂದ?"

"ಈ ಕಡಿಂದ. ಬೆನ್ನು ಎಡಕ್ಕ ಅದಲ್ಲ."

"ಅಲ್ಲ. ಮುಖ ಆ ಕಡಿ ಅದ ಇದರದು."

"ಯಾವ ಕಡಿ?"

"ಬಲಗಡಿಂದ ಓದೋ ಪುಸ್ತಕಪಾ ಇದು, ನಮ್ಮ ಉರ್ದು ಕಿತಾಬಿನಂಗ. ನಾವು ಬೈಂಡಿಂಗ್ ಮಂದಿ ಚಿತ್ರ ನೋಡಂಗಿಲ್ಲ, ನಂಬರ ನೋಡ್ತೀವಿ. ಇಲ್ಲಿ ಮೂಲ್ಯಾಗ ಬಾರೀಕ ಅದ ನೋಡು. ನೀ ಶುರು ಅಂದ ಕಡಿ ನೂರಾ ಅರವತ್ತು ಅದ. ಇಗಾ, ಇಲ್ಲಿ ಒಂದು." ಕನ್ನಡಕ ತೆಗೆದು ಕೊಟ್ಟ. "ಯಾವ ದೇಶದ್ದು?"

"ಜಪಾನ್."

"ಜಪಾನ್ ಮಂದೀನೂ ಬಲಗಡಿಂದ ಓದ್ತಾರೇನು? ಶಾಣ್ಯಾ ಮಂದಿ."

ವಹಾಬ ನಕ್ಕ. "ಉಸ್ತಾದರು ಟಾಕೀಜಿಗೆ ಕ್ಲೈಮ್ಯಾಕ್ಸ್‌ಗೆ ಹೋಗಿ ಟೈಟಲ್ ಬರೂತನ ಕುಂದ್ರೋರು ಬಿಡ್ರಿ."

ಸುಲ್ತಾನಸಾಬನ ಕನ್ನಡಕದಲ್ಲಿ ಅಂಕಿಗಳು ಇರುವೆಯ ಹಾಗೆ ಸಾಲುಗಟ್ಟಿ ಹಿಂದಕ್ಕೆ ನಡೆಯುತ್ತಿದ್ದವು. ಅಂಬ್ರಪ್ಪನ ಅಪ್ಪ ನಿಜಾಮರ ಕಾಲದ ಶಾಲೆಯಲ್ಲಿ ಉರ್ದು ಕಲಿತವನು. ಕಟ್ಟೆಯ ಮೇಲೆ ಕೂತು ಪುಸ್ತಕವನ್ನು ಬಲದಿಂದ ತೆರೆದು ಓದುವುದನ್ನು ಅಂಬ್ರಪ್ಪ ಚಿಕ್ಕಂದಿನಲ್ಲಿ ದಿನಾ ನೋಡಿದ್ದ. ಅಪ್ಪಾ ನೀನು ಹಿಂದಿಂದ ಓದುತ್ತಿ ಎಂದು ತಾನೇ ನಕ್ಕಿದ್ದ. ಇಷ್ಟು ತಿಳಿದೂ ಹೊಳೆಯಲಿಲ್ಲ. ಸುಲ್ತಾನಸಾಬ ಪುಸ್ತಕವನ್ನು ಮಗುಚಿ, ಬೆನ್ನು ಬಲಕ್ಕೆ ಇಟ್ಟು, ನೋಡು ಹಿಂಗ, ಎಂದು ಒಂದೊಂದೇ ಹಾಳೆ ತಿರುವತೊಡಗಿದ. ಗೋಡೆಯ ನೆರಳಲ್ಲಿ ಮಲಗಿದ್ದ ಕೂಸು ಎದ್ದು ಕಲ್ಲು ಹೊತ್ತುಕೊಂಡಿತು. ಕುದುರೆಯ ಮೇಲಿಂದ ಒಬ್ಬ ಸರದಾರ ಆ ಕೂಸಿನ ಹೆಗಲು ಮುಟ್ಟಿ ನೋಡಿದ, ಸಂತೆಯಲ್ಲಿ ಎತ್ತಿನ ಹೆಗಲು ಮುಟ್ಟುವಂತೆ. ಕೂಸು ಬೆಳೆಯಿತು. ಪ್ರತಿ ಹಾಳೆಗೆ ಒಂದು ಹೊಸ ಗಾಯ. ಎಲ್ಲ ಹಾಳೆಯಲ್ಲೂ ಸರದಾರನ ಕಡೆ ತಿರುಗಿದ ಅದೇ ಮುಖ, ಶಭಾಷ್ ಅನ್ನಿಸಿಕೊಳ್ಳಲು ಕಾದ ಮುಖ. ಆ ಮುಖವನ್ನು ಅಂಬ್ರಪ್ಪ ಹಣಮೇಶನಲ್ಲಿ ಹದಿನಾಲ್ಕು ವರ್ಷ ಅಖಾಡದ ಅಂಚಿನಲ್ಲಿ ನಿಂತು ನೋಡಿದ್ದ. ಆಮೇಲೆ ಮಂಡಿಯೂರಿದ ಪೈಲ್ವಾನ, ಹೆಗಲ ಮೇಲೆ ಕೈ. ಸರದಾರ ಎತ್ತಿದ ಕೈ ಮನೆಯ ಕಡೆ ಅಲ್ಲ, ಹೊಳೆಯ ಕಡೆ ತೋರಿಸುತ್ತಿತ್ತು.

"ಸಾಕು" ಅಂದ ಅಂಬ್ರಪ್ಪ.

ಎರಡು ವರ್ಷದ ಹಿಂದೆ ಬಾಡಿಗೆ ಜೀಪು ಗುರುಮಠಕಲ್ ದಾಟಿತ್ತು. ಅಲ್ಲಿಂದ ಮುಂದೆ ಗಡಿಯ ಹಳ್ಳಿ, ಸುತ್ತ ಕೂಗುವವರೆಲ್ಲ ತೆಲುಗಿನಲ್ಲೇ ಕೂಗುತ್ತಿದ್ದರು. ಕೊನೆಯ ಜೋಡಿ, ಬೆಳ್ಳಿ ಕಡಗದ ಕುಸ್ತಿ. ಎದುರಿನವನು ತೆಲಂಗಾಣದ ಕಡೆಯವನು. ಅವನ ಉಸ್ತಾದನ ಕೈಲಿ ಅಂಬ್ರಪ್ಪ ಪ್ರಾಯದಲ್ಲಿ ಬೆನ್ನು ಮಣ್ಣಿಗೆ ಹಚ್ಚಿಸಿಕೊಂಡಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ, ತನಗೂ ಮರೆತಿದೆ ಎಂದುಕೊಂಡಿದ್ದ. ಜೀಪಿನಿಂದ ಇಳಿಯುವ ಮುಂಚೆ ಉಳಿದವರೆಲ್ಲ ಇಳಿದ ಮೇಲೆ ಹಣಮೇಶ ಹಿಂದೆ ಉಳಿದು, ಬಹಳ ಮೆಲ್ಲಗೆ, ಕುತ್ತಿಗೆಯಿಂದ ಬೆರಳ ತನಕ ಎಡಗೈ ಜುಮ್ಮ್ ಅಂತದರಿ ಉಸ್ತಾದ್, ಮೊನ್ನಿಯಿಂದ, ಅಂದಿದ್ದ. ಅಷ್ಟು ಹೇಳಲು ಅವನಿಗೆ ಎಷ್ಟು ದಿನ ಬೇಕಾಯಿತೋ. ಹದಿನಾಲ್ಕು ವರ್ಷದಲ್ಲಿ ಅವನು ತನ್ನ ನೋವಿನ ಬಗ್ಗೆ ಆಡಿದ ಒಂದೇ ಮಾತು. ಅಂಬ್ರಪ್ಪನ ಕಣ್ಣು ಆಚೆ, ಛತ್ರಿಯ ಕೆಳಗೆ ಖುರ್ಚಿಯಲ್ಲಿ ಕೂತು ನಗುತ್ತಿದ್ದ ಆ ಹಳೆಯ ಉಸ್ತಾದನ ಮೇಲಿತ್ತು. "ಮಣ್ಣ ಹಚ್ಚಿ ತಿಕ್ಕು. ಹೋಗ್ತದ" ಅಂದಿದ್ದ. ಹಣಮೇಶ ಹೂಂನ್ರಿ ಅಂದ. ನಾಲ್ಕನೇ ನಿಮಿಷಕ್ಕೆ ಕುತ್ತಿಗೆ ಕೆಳಗಾಗಿ ಬಿದ್ದ, ಎದ್ದವನು ಇನ್ನೊಬ್ಬ. ದೊಡ್ಡ ದವಾಖಾನೆಯಲ್ಲಿ ಡಾಕ್ಟರು, ಮುಂಚೆ ನೋವು, ಜುಮ್ಮೆನ್ನುವುದು ಏನಾದರೂ ಇತ್ತೇ, ಎಂದು ಕೇಳಿದಾಗ ಮೋನಮ್ಮ ಅಂಬ್ರಪ್ಪನ ಮುಖ ನೋಡಿದಳು. ತನ್ನ ಮಗನ ಮೈಯ ವಿಷಯ ತನಗಿಂತ ಉಸ್ತಾದರಿಗೇ ಗೊತ್ತು ಎಂಬ ನಂಬಿಕೆಯಿಂದ ನೋಡಿದಳು. "ಇಲ್ಲರಿ" ಅಂದ ಅಂಬ್ರಪ್ಪ. ಹೊದಿಕೆಯೊಳಗೆ ಕಣ್ಣು ತೆರೆದೇ ಮಲಗಿದ್ದ ಹಣಮೇಶನ ಕಡೆ ಡಾಕ್ಟರು ತಿರುಗಿದರು. ಅವನೂ ಇಲ್ಲರಿ ಅಂದ.

"ಹೊಲಿಗಿ ಎಲ್ಲಿ ಹಾಕಿದ್ರೂ ಬೆನ್ನು ಒಂದೇ" ಎನ್ನುತ್ತಿದ್ದ ಸುಲ್ತಾನಸಾಬ, ದಾರಕ್ಕೆ ಮೇಣ ಹಚ್ಚುತ್ತ. "ರಟ್ಟಿನ ಮ್ಯಾಲ ಹೆಸರಿನ ಚೀಟಿ ಹಚ್ಚತೀನಲ್ಲ, ಚೀಟಿ ಇದ್ದ ಕಡಿ ಮುಖ. ನಿನಗ ರೂಢಿ ಆಗ್ಯದ ಅಂದ್ರ ಮೊದಲಿನಂಗ ಆ ಕಡೀನ ಹಚ್ಚತೀನಿ. ಪುಸ್ತಕ ನಿಂದು. ಯಾರೇನು ಕೇಳ್ತಾರ?"

ಯಾರೂ ಕೇಳುವುದಿಲ್ಲ. ಅದೇ ನಿಜ. ಆ ಕಡೆ ಹಚ್ಚು ಅಂದರೆ ಮುಗಿಯಿತು. ಮಧ್ಯಾಹ್ನಕ್ಕೆ ಪೈಲ್ವಾನ ಹೊಳೆಯಿಂದ ಎದ್ದು ಬರುತ್ತಾನೆ, ಸರದಾರ ಮನೆಗೆ ಹೋಗು ಅನ್ನುತ್ತಾನೆ. ಹಣಮೇಶ ಬಾಯಿ ಬಿಡುವುದಿಲ್ಲ. ಇಷ್ಟು ಸೋಮವಾರ ಬಾಯಿ ಬಿಟ್ಟಿಲ್ಲ. ಅಂಬ್ರಪ್ಪ ಚಹಾದ ಲೋಟ ನೋಡುತ್ತ ಕೂತ. ಕೆನೆ ಕಟ್ಟಿತ್ತು. ಸುಲ್ತಾನಸಾಬ ಹೊಲಿದು, ರಟ್ಟು ಅಂಟಿಸಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಕಲ್ಲು ಹೇರಿದ. ಒಂದೂವರೆ ತಾಸು ಕಳೆದ ಮೇಲೆ ತೆಗೆದು ಚೀಟಿ ಹಿಡಿದು ಮತ್ತೆ ಕೇಳಿದ.

"ಹೆಂಗ ಇರಬೇಕೋ ಹಂಗ ಹಚ್ಚು" ಅಂದ ಅಂಬ್ರಪ್ಪ.

"ಹೆಸರೇನು ಬರೀಲಿ?"

"ಹಣಮೇಶ ಅಂತ ಬರಿ."

ಬರುವಾಗ ಬಸ್ಸಿನ ಕಿಟಕಿಯಲ್ಲಿ ಗುಡ್ಡ ಕಾಣಿಸಿತು, ಅಂಗಾತ ಮಲಗಿದ ಮನುಷ್ಯನಂತೆ, ಹಣೆ, ಮೂಗು, ಗದ್ದ, ಎದೆ. ಊರಿಗೆ ಬಂದ ನೆಂಟರಿಗೆ ಎಲ್ಲರೂ ಕೈ ಮಾಡಿ ತೋರಿಸುವ ಗುಡ್ಡ. ಅಂಬ್ರಪ್ಪ ಈ ಸಲ ಮುಖ ತಿರುಗಿಸಲಿಲ್ಲ. ಸಿಟ್ಟು ಬರುತ್ತಿತ್ತು, ಅದು ಹಣಮೇಶನ ಮೇಲೆ ಎಂಬುದು ತಿಳಿದು ನಾಚಿಕೆಯಾಯಿತು. ಅವನು ಮೊದಲ ದಿನವೇ, ಅಲ್ಲರಿ ಉಸ್ತಾದ್, ಆ ಕಡಿಂದ, ಅನ್ನಬಹುದಿತ್ತು. ನಾಲ್ಕು ಶಬ್ದ. ಅನ್ನಲಿಲ್ಲ. ಬದಲು ಪ್ರತಿ ಚಿತ್ರಕ್ಕೆ ಸುಳ್ಳು ಮಾತು ಹೊಂದಿಸಿ, ಬಾಣ ಚುಚ್ಚುವುದನ್ನು ಕೀಳುವುದು ಮಾಡಿ, ಸಾಯಲು ಕಳಿಸಿದವನನ್ನು ಮನೆಗೆ ಕಳಿಸಿದವನು ಮಾಡಿ, ವಾರ ವಾರ ಒಂದಕ್ಷರ ತಪ್ಪದಂತೆ ನೆನಪಿಟ್ಟು ಹೇಳಿದ. ಕುತ್ತಿಗೆಯ ಮೇಲಷ್ಟೇ ಜೀವ ಉಳಿದವನು ಆ ಜೀವದಿಂದಲೂ ಉಸ್ತಾದನ ಸಾಮು ತೆಗೆಯುತ್ತಿದ್ದ. ಉಸ್ತಾದನ ಪಟ್ಟು ತಪ್ಪಿತ್ತು, ಶಿಷ್ಯ ಬಾಯಿ ತೆರೆಯಲಿಲ್ಲ. ಅದನ್ನು ಕಲಿಸಿದವರು ಯಾರು? ಪಕ್ಕದ ಹೆಂಗಸು, ಅಣ್ಣಾರ, ನಿಮ್ಮ ಪುಸ್ತಕ ಬೀಳ್ತದ ನೋಡ್ರಿ, ಎಂದಳು. ಅವನು ಅದನ್ನು ಮತ್ತೆ ಎರಡೂ ಕೈಯಿಂದ ಹಿಡಿದ. ಅಂಟು ಇನ್ನೂ ಬೆಚ್ಚಗಿತ್ತು.

ಮೋನಮ್ಮನ ಮನೆ ಸುರಪುರದ ಗುಡ್ಡದ ಬುಡದ ಓಣಿಯಲ್ಲಿ, ಒಂದೇ ಅಂಕಣ, ಅದರ ಹಿಂದೆ ಅಡುಗೆಯ ಕತ್ತಲೆ. "ಬರ್ರಿ ಉಸ್ತಾದ್. ಇವತ್ತ ಹೊತ್ತಾತಲ್ರಿ? ಮುಂಜಾನಿಂದ ಬಾಗಲ ಕಡೀನ ಕಣ್ಣು ಇವಂದು" ಎಂದು ಖುರ್ಚಿ ಎಳೆದು ಸೆರಗಿನಿಂದ ಒರೆಸಿದಳು. ಎರಡು ವರ್ಷದಲ್ಲಿ ಒಂದು ದಿನವೂ ಅವಳು ಆ ಖುರ್ಚಿ ಒರೆಸುವುದನ್ನು ಬಿಟ್ಟಿರಲಿಲ್ಲ. ನಮ್ಮ ದೈವದಾಗ ಇದ್ದದ್ದು ಆತು, ನೀವಾರ ಏನ್ ಮಾಡ್ತೀರಿ, ಎಂದು ಅವಳೇ ಅವನನ್ನು ಸಮಾಧಾನ ಮಾಡಿದ್ದಳು. ತಿಂಥಣಿಗೆ ಹೋದಾಗ ಅವನ ಹೆಸರಿನಲ್ಲೂ ಕಾಯಿ ಒಡೆಸಿದ್ದಳು. "ಒಂದೆರಡು ರೊಟ್ಟಿ ಉಳದಾವ, ಬಡದು ಚಾ ಇಡ್ತೀನಿ, ಕುಂದ್ರಿ" ಎಂದು ಒಳಗೆ ಹೋದಳು. ಮರದ ಕೊಣಮಿಗೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು, ಒಂದೇ ಲಯದಲ್ಲಿ, ಬೆನ್ನು ತಟ್ಟಿ ಮಲಗಿಸುವ ಹಾಗೆ.

"ರಟ್ಟು ಹಾಕಿಸಿದ್ರೇನ್ರಿ?" ಅಂದ ಹಣಮೇಶ. ಮೈ ಇಳಿದು ಮುಖದಲ್ಲಿ ಕಣ್ಣಷ್ಟೇ ದೊಡ್ಡವಾಗಿದ್ದವು. ಕಿವಿ ಮಾತ್ರ ಕುಸ್ತಿಯಾಡುವವನ ಮುದ್ದೆಗಟ್ಟಿದ ಕಿವಿಯೇ. "ಭಾರಾಗಿರಬೇಕು. ಕೈ ನೋಯ್ತಾವ ನಿಮ್ಮವು."

ಅಂಬ್ರಪ್ಪ ಖುರ್ಚಿಯಲ್ಲಿ ಕೂರದೆ ಹೊರಸಿನ ತಲೆಯ ಕಡೆ ಹೋಗಿ ನಿಂತ. ಬಾಗಿಲಿಗೆ ಮುಖ, ಅಡುಗೆ ಮನೆಗೆ ಬೆನ್ನು. ಬಾಗಿ ಕೈ ಚಾಚಿ, ಪುಸ್ತಕದ ಬೆನ್ನನ್ನು ಬಲಕ್ಕೆ ಮಾಡಿ ಹಿಡಿದ. ಚೀಟಿಯ ಮೇಲೆ ಸುಲ್ತಾನಸಾಬನ ಗುಂಡನೆಯ ಅಕ್ಷರದಲ್ಲಿದ್ದ ಹೆಸರು ಹಣಮೇಶನ ಕಣ್ಣಿಗೆ ಬಿದ್ದಿರಬೇಕು. ನೆತ್ತಿ ಅಲುಗಲಿಲ್ಲ. ರಟ್ಟು ತೆರೆದ. ಗೋಡೆಯ ನೆರಳಲ್ಲಿ ಮಲಗಿದ ಕೂಸು.

ರೊಟ್ಟಿ ಬಡಿಯುವ ಸದ್ದು ಒಂದು ಮುಗಿದು ಇನ್ನೊಂದು ಮೊದಲಾಯಿತು.

"ಗೊತ್ತಾತೇನ್ರಿ" ಅಂದ ಹಣಮೇಶ.

"ಸುಲ್ತಾನಸಾಬ ಹೇಳಿದ."

"ಹೂಂ."

"ಮೊದಲ ದಿನಾನ ಯಾಕ ಹೇಳಲಿಲ್ಲಲೇ?"

"ನೀವು ತಗದ ಬಿಟ್ಟಿದ್ರಲ್ಲರಿ. ಆವತ್ತ ನಿಮ್ಮ ಕೈ ನಡಗಾಕತ್ತಿದ್ವು. ಪುಸ್ತಕ ಅಳ್ಳಾಡಿ ಓದಾಕ ಬರ್ತಿದ್ದಿಲ್ಲ. ಅವ ಎದ್ದು ಕುಂತ ಅಂದಮ್ಯಾಲ ನಡಗೋದು ನಿಂತಿತು. ಅದಕ್ಕ ಹಂಗ ಓದಿದ್ನಿರಿ."

ಅಂಬ್ರಪ್ಪ ಪುಸ್ತಕವನ್ನು ಸರಿಯಾಗಿ ಹಿಡಿದುಕೊಂಡ. ಕೆಮ್ಮಿದ. ಕೆಮ್ಮಿದ್ದಕ್ಕೆ ಹಣಮೇಶ ಸುಮ್ಮನಾದದ್ದು ಕಂಡು, ಮುಂದೆಂದೂ ಇವನ ಮುಂದೆ ಕೆಮ್ಮಬಾರದು ಅನ್ನಿಸಿತು. "ಇವತ್ತ ಅದರಾಗ ಬರದದ್ದು ಬರದಂಗ ಓದು" ಅಂದ. "ಬ್ಯಾರೆ ಏನೂ ಹಚ್ಚಬ್ಯಾಡ."

ಹಣಮೇಶ ಓದಿದ. ಇಷ್ಟು ದಿನ ಕಥೆ ಕಟ್ಟಿ ಹೇಳುವಾಗ ಇದ್ದ ಏರಿಳಿತ ಇರಲಿಲ್ಲ. ಶಾಲೆಯ ಹುಡುಗ ಪಾಠ ಒಪ್ಪಿಸುವಂತೆ ಓದಿದ. ಈ ಹೆಗಲು ಯಾರದು ಅಂತಾನ್ರಿ. ನನ್ನ ಕೂಡ ಬರ್ತೀಯೇನು ಅಂತಾನ. ನಮ್ಮವ್ವನ್ನ ಕೇಳಬೇಕು ಅಂತದ ಕೂಸು. ಅಂಬ್ರಪ್ಪ ತಿರುವಿದ. ಎಂಟು ವರ್ಷದ ಹಣಮೇಶನನ್ನು ಮೋನಮ್ಮ ಕೈ ಹಿಡಿದು ತಾಲೀಮಿನ ಬಾಗಿಲಿಗೆ ತಂದಿದ್ದಳು, ಮೂಗು ಸುರಿಯುತ್ತಿತ್ತು, ಅಂಬ್ರಪ್ಪ ಮೊದಲು ಅವನ ಹೆಗಲನ್ನೇ ಮುಟ್ಟಿದ್ದ. ಇದು ನಿಮ್ಮದರಿ ಇನ್ನ, ಅಂದಿದ್ದಳು ಅವಳು. ತಿರುವಿದ. ಗಾಯ. ಗೆಲುವು. ಗಾಯ. ರಟ್ಟೆ ಉರಿಯತೊಡಗಿತು. ರಟ್ಟು ಹಾಕಿಸಿ ಪುಸ್ತಕ ಒಂದಕ್ಕೆರಡು ಭಾರವಾಗಿತ್ತು. ಆ ಹಾಳೆ ಬಂತು.

"ಪೈಲ್ವಾನ ಅಂತಾನ್ರಿ, ಸರದಾರ, ನನ್ನ ಕೈ ಏಳವಲ್ದು, ಅಂತ." ಅಲ್ಲಿಗೆ ಓದು ನಿಲ್ಲಿಸಿದ. "ತಿರುವ್ರಿ ಉಸ್ತಾದ್."

"ಸರದಾರ ಏನಂತಾನ?"

"ಮುಂದಿನ ಹಾಳಿ ತಿರುವ್ರಿ."

"ಏನಂತಾನ ಓದು."

ಹಣಮೇಶ ದನಿ ಇಳಿಸಿದ. "ಅವ್ವ ಅದಾಳ್ರಿ ಒಳಗ. ಇಲ್ಲಿ ಆಡಿದ್ದು ಕೇಳಸ್ತದ."

"ಓದು."

"ನಿಲ್ಲಾಕ ಕೈ ಯಾಕ ಬೇಕು ಅಂತಾನ್ರಿ."

ಒಳಗಿನ ಸದ್ದು ಅದೇ ಲಯದಲ್ಲಿತ್ತು. ಅಂಬ್ರಪ್ಪ 'ನೀ ಹೇಳಿದ್ದಿ' ಅಂದ. ಅದು ತನಗೂ ಕೇಳಿಸಲಿಲ್ಲ. ಆಮೇಲೆ, ಅಖಾಡದ ಈ ಅಂಚಿನಿಂದ ಆ ಅಂಚಿಗೆ ಮುಟ್ಟಿಸುತ್ತಿದ್ದ ತನ್ನ ಹಳೆಯ ದನಿ, ಎರಡು ವರ್ಷದಿಂದ ಬೀಗ ಹಾಕಿಟ್ಟ ದನಿ, ತಾನಾಗಿ ಎದ್ದು ಬಂತು. "ನೀ ನನಗ ಹೇಳಿದ್ದಿ ಹಣಮೇಶ. ಆವತ್ತ ಜೀಪಿನ್ಯಾಗ. ಎಡಗೈ ಜುಮ್ಮ್ ಅಂತದ, ಕುತ್ತಿಗಿಂದ ಬೆರಳತನ, ಅಂತ. ನಾ ಮಣ್ಣ ತಿಕ್ಕು ಅಂದೆ. ದವಾಖಾನ್ಯಾಗ ಡಾಕ್ಟರು ಕೇಳಿದ್ರ ಇಲ್ಲ ಅಂದೆ. ನಿಮ್ಮವ್ವ ನನ್ನ ಮಾರಿ ನೋಡಿದಳು. ಇಲ್ಲ ಅಂದೆ."

ರೊಟ್ಟಿ ಬಡಿಯುವ ಸದ್ದು ನಿಂತಿತು.

ಓಣಿಯಲ್ಲಿ ಯಾರೋ ಕೊಡ ಇಳಿಸಿದರು. ಕೋಳಿಯೊಂದು ಹೊಸ್ತಿಲ ತನಕ ಬಂದು ತಿರುಗಿ ಹೋಯಿತು. ಇನ್ನೊಂದು ರೊಟ್ಟಿಗೆ ಹಿಟ್ಟು ನಾದುವಷ್ಟು ಹೊತ್ತು ಇರಬೇಕು ಎಂದು ಅಂಬ್ರಪ್ಪ ಕಾದ. ಅಷ್ಟು ಹೊತ್ತು ಕಳೆಯಿತು. ಅದರ ಮೇಲೂ ಕಳೆಯಿತು.

"ಹೇಳಿದ್ನಿರಿ" ಅಂದ ಹಣಮೇಶ. ಎರಡು ವರ್ಷದಿಂದ ಎದೆಯ ಮೇಲಿದ್ದುದನ್ನು ಪಕ್ಕಕ್ಕೆ ಇಟ್ಟವನ ಹಾಗೆ, ಉದ್ದಕ್ಕೆ ಉಸಿರು ಬಿಟ್ಟ. ಆಮೇಲೆ ಅಂದ, "ಇನ್ನ ಹಾಳಿ ಅದಾವ್ರಿ. ತಿರುವ್ರಿ."

ಅಂಬ್ರಪ್ಪ ತಿರುವಿದ. ಪೈಲ್ವಾನ ಹೊಳೆಗೆ ಇಳಿದ. ಒಂದು ಬಾಣ. ಮೂರು ಬಾಣ. ಇಲ್ಲಿ ಮಾತು ಇಲ್ಲರಿ, ಅಂದ ಹಣಮೇಶ. ಇಲ್ಲೂ ಇಲ್ಲರಿ. ಒಂದು ಕಡೆ ಮಾತ್ರ, ಕಲ್ಲು ಕೆಳಗಿಟ್ಟು ಸ್ವಲ್ಪ ಮಲಗಬೇಕಿತ್ತು, ಎಂದು ಓದಿದ. ಕಣ್ಣು ಮುಚ್ಚಿದವು. ನೀರು ಮೈಯ ಸುತ್ತ ಸುತ್ತಿ ಹರಿಯಿತು. ಅಂಬ್ರಪ್ಪ ಇಷ್ಟು ದಿನ ಶುರು ಎಂದುಕೊಂಡ ಕಡೆಗೆ ಬಂದು ನಿಂತಿದ್ದ.

"ಇನ್ನೊಂದ ಅದರಿ. ನೀವು ಪ್ರತಿ ಸಲ ಬಿಟ್ಟ ಬಿಡ್ತಿದ್ರಿ ಅದನ್ನ."

ಕೊನೆಯ ಹಾಳೆ. ಹೊಳೆ. ದಂಡೆಯಲ್ಲಿ ಬೆನ್ನು ತಿರುಗಿಸಿ ನಿಂತ ಒಬ್ಬನೇ ಮನುಷ್ಯ. ಹೆಗಲು ಇಳಿಬಿದ್ದಿವೆ, ತಲೆಗೂದಲು ಬೆಳ್ಳಗಾಗಿದೆ.

"ಇವ ಯಾರು?"

"ಸರದಾರ್ರಿ. ಎಲ್ಲಾ ಮುಗದ ಮ್ಯಾಲ ಬರ್ತಾನ."

"ಏನಂತಾನ?"

"ಏನೂ ಬರದಿಲ್ರಿ. ಬಂದು ನಿಂತಾನ, ಅಷ್ಟ."

ಅಡುಗೆ ಮನೆಯಿಂದ ವಾಸನೆ ಬಂತು. ಹಂಚಿನ ಮೇಲೆ ಹಾಕಿದ ರೊಟ್ಟಿ ಹೊತ್ತುತ್ತಿತ್ತು, ಯಾರೂ ತಿರುವಿ ಹಾಕಲಿಲ್ಲ. ಆಮೇಲೆ ಬರಿಗಾಲಿನ ಸಪ್ಪಳ ನಡುಬಾಗಿಲ ತನಕ ಬಂದು, ಸರಿಯಾಗಿ ಅಂಬ್ರಪ್ಪನ ಬೆನ್ನ ಹಿಂದೆ ನಿಂತಿತು.

"ಕೈ ಇಳಸ್ರಿ ಉಸ್ತಾದ್" ಅಂದ ಹಣಮೇಶ ಮೆಲ್ಲಗೆ. "ಕಥಿ ಮುಗೀತು."

ಅಂಬ್ರಪ್ಪ ಇಳಿಸಲಿಲ್ಲ. ತಿರುಗಿಯೂ ನೋಡಲಿಲ್ಲ. ಒರೆಸಿಟ್ಟ ಖುರ್ಚಿ ಗೋಡೆಯ ಬದಿ ಖಾಲಿ ಇತ್ತು.